ಮುನೀರಾ ಆಪಾ ಮತ್ತು ಮುತ್ಯಾನ ಗಾಲಿ

ಖೂಬಾ ಪ್ಲಾಟ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗೆ, ಬೀದಿಗೆ ಬಾಗಿಲು ತೆರೆದ ಒಂದೇ ಕೋಣೆಯಲ್ಲಿ ಮುನೀರಾ ಆಪಾ ಅವರ ಅಂಗಡಿ ಇದೆ. ‘ಮಿಕ್ಸರ್, ಇಸ್ತ್ರಿ, ಫ್ಯಾನ್ ರಿಪೇರಿ’ ಎಂದು ಹೊರಗಿನ ಬೋರ್ಡಿನ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದ್ದಾರೆ. ಅವರು ಹೆಸರು ಮಾಡಿರುವ ಕೆಲಸ ಮಾತ್ರ ಆ ಬೋರ್ಡಿನ ಮೇಲೆ ಇಲ್ಲ. ಮಣ್ಣಿನೊಳಗೆ ಹೂತುಹೋದ ಲೋಹ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಒಂದು ಗುದ್ದಲಿ ಏಟೂ ಹಾಕದೆ ಹೇಳುವುದು ಅವರ ಆ ಕೆಲಸ.

ಊರಿನಲ್ಲಿ ಇದಕ್ಕೆ ಗಿರಾಕಿಗಳು ಕಡಿಮೆಯಿಲ್ಲ. ರಸ್ತೆಗೆ ಡಾಂಬರು ಹಾಕುವವರು ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾ ಹೋಗುತ್ತಾರೆ. ನಳದ ವಾಲ್ವಿನ ಮುಚ್ಚಳ ಮೊದಲ ಪದರಕ್ಕೆ ಮರೆಯಾಗುತ್ತದೆ, ಮೂರನೆಯ ಪದರದ ಹೊತ್ತಿಗೆ ಅದು ಎಲ್ಲಿತ್ತೆಂದು ಬಲ್ಲವರು ನಿವೃತ್ತರಾಗಿರುತ್ತಾರೆ. ಬ್ರಹ್ಮಪುರದ ಓಣಿಗಳಲ್ಲಿ ಹೀಗೆ ಕಳೆದ ಮುಚ್ಚಳಗಳನ್ನು ಆಪಾ ಎಷ್ಟು ಹುಡುಕಿಕೊಟ್ಟಿದ್ದಾರೋ ಲೆಕ್ಕವಿಲ್ಲ. ಮುಚ್ಚಿ ಮಣ್ಣೆಳೆದ ಹಳೆಯ ಬೋರಿನ ಪೈಪು ಬೇಕೆಂದು ಸುತ್ತಲಿನ ಹಳ್ಳಿಗಳವರೂ ಬರುತ್ತಾರೆ.

ಮೊದಲ ಯಂತ್ರ ಅವರ ಕೈಗೆ ಬಂದದ್ದು ರಿಪೇರಿಗೆ. ಒಬ್ಬ ಗುತ್ತಿಗೆದಾರ ತಂದಿಟ್ಟು ಹೋದವನು ತಿರುಗಿ ಬರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಮದುವೆಯಾಗಿ, ಮಿಕ್ಸರ್ ಬಿಚ್ಚುತ್ತ ಕುಳಿತಿದ್ದ ಹೆಂಗಸಿಗೆ ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದನ್ನು ಸಹಿಸಲಾಗಲಿಲ್ಲ. ಬಿಚ್ಚಿದರು, ತಿಳಿದುಕೊಂಡರು, ಸರಿಮಾಡಿ ಆತನಿಗೆ ಫೋನ್ ಮಾಡಿದರು. ಇಟ್ಟುಕೊಳ್ಳಿ, ನನಗೆ ಈಗ ಬೇರೆ ಧಂದೆ ಎಂದನಂತೆ. ಈಗ ಅವರ ಬಳಿ ಇರುವುದು ಅವರೇ ಕಟ್ಟಿದ ಯಂತ್ರ. ಪ್ಲಾಸ್ಟಿಕ್ ಪೈಪಿನ ಒಂದು ದೊಡ್ಡ ಚೌಕಟ್ಟು, ಅದರ ಸುತ್ತ ತಾಮ್ರದ ತಂತಿ, ನಡುವೆ ಒಂದು ಪೆಟ್ಟಿಗೆ, ಬ್ಯಾಟರಿ. ಆ ಚೌಕಟ್ಟನ್ನು ಇಬ್ಬರು ಎರಡು ಕಡೆ ಹಿಡಿದು, ನೆಲದಿಂದ ಒಂದು ಗೇಣು ಮೇಲೆ ಎತ್ತಿಕೊಂಡು ನಡೆಯಬೇಕು. ಒಂದು ಕಡೆ ಆಪಾ, ಇನ್ನೊಂದು ಕಡೆ ಅವರ ಗಂಡ ವಹಾಬ್ ಭಾಯಿ. ಆಟೋ ಓಡಿಸುವ ವಹಾಬ್ ಭಾಯಿ ಹೆಂಡತಿಗೆ ಕೆಲಸ ಬಂದ ದಿನ ಬಾಡಿಗೆ ಹಿಡಿಯುವುದಿಲ್ಲ, ಯಂತ್ರವನ್ನು ಆಟೋದ ಮೇಲೆ ಕಟ್ಟಿ ಹೊರಡುತ್ತಾರೆ.

ಅದು ಹೇಗೆ ಹುಡುಕುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ಬಾವಿಯೊಳಗೆ ಒಂದು ಕೂಗು ಹಾಕಿ ಸುಮ್ಮನಾದರೆ ಮರುದನಿ ಬರುತ್ತದಲ್ಲ, ಹಾಗೆ ಎಂದರು. ತಂತಿ ಒಂದು ಕ್ಷಣ ಕೂಗುತ್ತದೆ, ಮರುಕ್ಷಣ ಕಿವಿ ಕೊಡುತ್ತದೆ. ಬರಿ ಮಣ್ಣಾದರೆ ಉತ್ತರವಿಲ್ಲ. ಲೋಹ ಇದ್ದರೆ ಅದು ತಿರುಗಿ ಕೂಗುತ್ತದೆ. ಚಿನ್ನವೋ ಕಬ್ಬಿಣವೋ ಎಂದು ಮಾತ್ರ ಅಗೆದ ಮೇಲೆಯೇ ತಿಳಿಯುವುದು.

ನಮ್ಮ ಪರಿಚಯವೂ ಆ ಯಂತ್ರದಿಂದಲೇ ಆದದ್ದು. ಎರಡು ತಿಂಗಳ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದೆ. ಆಪಾ ಬಾಗಿಲಲ್ಲಿ ಚೌಕಟ್ಟು ನಿಲ್ಲಿಸಿಕೊಂಡು ಏನೋ ತಿರುವುತ್ತಿದ್ದರು. ಕೂಸು ಹತ್ತಿರ ಬಂದೊಡನೆ ಯಂತ್ರ ಕುಯ್ಯೆಂದಿತು. ಹೆದರಿ ಹಿಂದೆ ಸರಿದೆ. ಆಪಾ ಕೂಸಿನ ಅಂಗಿ ಮೆಲ್ಲಗೆ ಎತ್ತಿ ನೋಡಿ, ಬೆಳ್ಳಿ ಉಡಿದಾರ ಎಂದು ನಕ್ಕರು. ಅಂದಿನಿಂದ ಮಗಳಿಗೆ ಆ ಸದ್ದು ರೂಢಿಯಾಗಿದೆ. ಎಷ್ಟೋ ಮಧ್ಯಾಹ್ನ ಅದನ್ನು ಕೇಳುತ್ತಲೇ ಮಲಗುತ್ತಾಳೆ. ಅವಳು ಮಲಗಿದ ಹೊತ್ತಿನಲ್ಲಿ ನಾನು ದಿನಚರಿ ಬರೆಯುವುದರಿಂದ ಅದರಲ್ಲಿ ಆಪಾ ಆಗಾಗ ಬಂದುಹೋಗುತ್ತಾರೆ.

ನಿಧಿ ಹುಡುಕುವವರೂ ಅಂಗಡಿಗೆ ಬರುತ್ತಾರೆ. ಕಲಬುರಗಿಯಲ್ಲಿ ಕೋಟೆಯಿದೆ, ಹಳೆಯ ಗುಮ್ಮಟಗಳಿವೆ, ಅವುಗಳ ಕೆಳಗೆ ಏನೋ ಇದೆ ಎಂದು ನಂಬುವವರೂ ಇದ್ದಾರೆ. ಆಪಾ ಬೈದು ಕಳಿಸುವುದಿಲ್ಲ. ಒಂದು ದಪ್ಪ ನೋಟ್‌ಬುಕ್ಕು ಮುಂದಿಟ್ಟು, ಹೆಸರು, ಆಧಾರ್ ನಂಬರು, ಜಾಗ ಯಾರದು, ಎಲ್ಲ ಬರೆದು ಸಹಿ ಮಾಡಿ, ಸಿಕ್ಕಿದ್ದು ಸರ್ಕಾರದ್ದು, ನಾನೇ ಹೋಗಿ ಒಪ್ಪಿಸುತ್ತೇನೆ ಎನ್ನುತ್ತಾರೆ. ಪೆನ್ನು ಹುಡುಕುವ ನೆವದಲ್ಲಿ ಹೊರಗೆ ಹೋದವರು ಯಾರೂ ಇದುವರೆಗೆ ಒಳಗೆ ಬಂದಿಲ್ಲ.

ಕಳೆದ ಮಾಘದಲ್ಲಿ ಆ ನೋಟ್‌ಬುಕ್ಕಿನಲ್ಲಿ ನನ್ನ ತವರಿನ ಹೆಸರೂ ಬಂತು.

ನನ್ನ ತವರು ಕಮಲಾಪುರ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವ್ವ ಸೂಗಮ್ಮ ಅಲ್ಲಿಯೇ ಇದ್ದಾಳೆ, ತನ್ನ ಪಾಲಿನ ಹೊಲದಲ್ಲಿ ಕೆಂಪು ಬಾಳೆ ಬೆಳೆಯುತ್ತಾಳೆ. ಮಗ್ಗುಲಿನ ಹೊಲ ಅಪ್ಪನ ತಮ್ಮ ಕಲ್ಯಾಣಪ್ಪ ಕಾಕಾನದು, ಅಲ್ಲಿಯೂ ಬಾಳೆ. ಎರಡರ ನಡುವೆ ಮೂಡಣದ ರಸ್ತೆಯಿಂದ ಪಡುವಣದ ಹಳ್ಳದವರೆಗೆ ಒಂದು ಗೆರೆ. ಗೆರೆಯ ತೆಂಕಣಕ್ಕೆ ಅವ್ವ, ಬಡಗಣಕ್ಕೆ ಕಾಕಾ. ಹಳ್ಳದ ಹತ್ತಿರ ಒಂದು ಬಾವಿ.

ಈ ಪಾಲು ಬಾಯಿಮಾತಿನದು. ದಫ್ತರದಲ್ಲಿ ಇಂದಿಗೂ ಎರಡೂ ಹೊಲ ಒಂದೇ ನಂಬರು. ಪಾಲು ಮಾಡಿದವನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ಎಲ್ಲ ಎರಡಾಗಿ ಹಂಚಿ ಮುಗಿದ ಮೇಲೆ ಒಂದು ಎತ್ತಿನ ಬಂಡಿ ಉಳಿಯಿತಂತೆ. ಅದು ತನಗೇ ಬೇಕೆಂದು ಇಬ್ಬರು ಮಕ್ಕಳೂ ಹಟ ಹಿಡಿದರು. ಮೂರು ದಿನ ಮಾತಾಡದೆ ಕುಳಿತಿದ್ದ ಮುತ್ಯಾ ನಾಲ್ಕನೆಯ ದಿನ ಕೊಡಲಿ ತಂದು ಇಬ್ಬರ ಕಣ್ಣೆದುರೇ ಬಂಡಿ ಮುರಿದ. ಕಟ್ಟಿಗೆ ಒಲೆಗೆ ಹೋಯಿತು. ಗಾಲಿಗಳ ಸುತ್ತ ಇದ್ದ ಎರಡು ಕಬ್ಬಿಣದ ಪಟ್ಟಿಗಳಲ್ಲಿ ಒಂದನ್ನು ಗೆರೆಯ ಈ ತುದಿಯಲ್ಲಿ, ಇನ್ನೊಂದನ್ನು ಆ ತುದಿಯಲ್ಲಿ ಇದ್ದಿಲಿನೊಡನೆ ಹೂಳಿ, ಮೇಲೆ ಬಾಂದುಗಲ್ಲು ನಿಲ್ಲಿಸಿದ. ಬಂಡಿ ಈಗ ಇಬ್ಬರದೂ ಆಯಿತು, ನಡುವೆ ನಿಂತಿದೆ ಎಂದನಂತೆ. ಈ ಕಥೆಯನ್ನು ನಾನು ಅನ್ನದ ತುತ್ತಿನೊಡನೆ ಕೇಳಿ ಬೆಳೆದವಳು.

ರಸ್ತೆ ಬದಿಯ ಕಲ್ಲು ಇಂದಿಗೂ ಅಲುಗಾಡಿಲ್ಲ. ಹಳ್ಳದ ಬದಿಯ ಕಲ್ಲು ಮಾತ್ರ ನಾಲ್ಕು ವರ್ಷದ ಹಿಂದೆ ಹಳ್ಳ ಅಗಲ ಮಾಡಲು ಬಂದ ಜೆಸಿಬಿಗೆ ಸಿಕ್ಕು ಎಲ್ಲೋ ಹೋಯಿತು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಕಾಕಾ ತಂತಿ ಬೇಲಿ ಹಾಕಿಸಲು ಹೊರಟಿದ್ದ. ಕಲ್ಲಿನ ಕಂಬಗಳು ಬಂದು ಬಿದ್ದಿದ್ದವು, ಸೋಮವಾರ ಕೆಲಸ ಶುರು. ಅವನು ತೋರಿಸಿದ ಗೆರೆಯಂತೆ ಬೇಲಿ ಎದ್ದರೆ ಬಾವಿ ಬೇಲಿಯ ಆ ಕಡೆಗೆ ಹೋಗುತ್ತಿತ್ತು. ಅವ್ವನ ಹೊಲಕ್ಕೆ ಬೇರೆ ನೀರಿಲ್ಲ. ಬಾವಿ ಹೋದರೆ ಬಾಳೆ ಹೋದಂತೆ, ಬಾಳೆ ಹೋದರೆ ಅವಳು ಕಮಲಾಪುರದಲ್ಲಿ ಇರುವುದಕ್ಕೆ ಕಾರಣವೇ ಇಲ್ಲದಂತೆ.

ಫೋನಿನಲ್ಲಿ ಅವ್ವ ಅತ್ತದ್ದನ್ನು ಕೇಳಿ ನಾನು ಕೂಸನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದೆ. ಬಂಡಿ ಗಾಲಿಯ ಪಟ್ಟಿ ನಿಮ್ಮ ಯಂತ್ರಕ್ಕೆ ಸಿಗುತ್ತದೆಯೇ ಎಂದು ಆಪಾ ಅವರನ್ನು ಕೇಳಿದೆ. ಎಷ್ಟು ಆಳದಲ್ಲಿದೆ ಎಂದರು. ಮುತ್ಯಾ ಎದೆಯುದ್ದ ಗುಂಡಿ ತೋಡಿದ್ದನಂತೆ ಎಂದೆ. ಪಟ್ಟಿ ತುಂಡಾಗಿರದೆ ಬಳೆಯ ಹಾಗೆ ಇಡಿಯಾಗಿದ್ದರೆ ಅದಕ್ಕಿಂತ ಜೋರಾಗಿ ಕೂಗುವ ವಸ್ತು ಇನ್ನೊಂದಿಲ್ಲ ಎಂದು ಹೇಳಿ, ಎರಡು ಷರತ್ತು ಹಾಕಿದರು. ಒಂದು, ಇಬ್ಬರೂ ಒಪ್ಪಬೇಕು. ಇನ್ನೊಂದು, ಪಟ್ಟಿ ಎಲ್ಲಿರಬಹುದು ಎಂದು ತಮಗೆ ಯಾರೂ ಹೇಳಬಾರದು. ಹೇಳಿದ ಜಾಗಕ್ಕೆ ಬಂದಾಗ ಕಿವಿ ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ ಎಂಬುದು ಅವರು ಇಷ್ಟು ವರ್ಷದಲ್ಲಿ ಕಂಡುಕೊಂಡ ಸತ್ಯ.

ಕಾಕಾ ಸುಲಭವಾಗಿ ಒಪ್ಪಿದ. ಹಳ್ಳದ ಆಚೆಗಿನ ಹೊಲದ ಜಗದೇವಪ್ಪನವರು ಹಿರಿಯರು, ಇಬ್ಬರಿಗೂ ಬೇಕಾದವರು. ಗಾಲಿ ಸಿಕ್ಕಲ್ಲೇ ಗೆರೆ ಎಂದು ಇಬ್ಬರೂ ಅವರ ಮುಂದೆ ವಿಭೂತಿ ಮುಟ್ಟಿ ಹೇಳಿದರು. ಆಮೇಲೆ ಒಬ್ಬೊಬ್ಬರೇ ಅವರನ್ನು ಹೊಲಕ್ಕೆ ಕರೆದೊಯ್ದು ತಮ್ಮ ತಮ್ಮ ಜಾಗ ತೋರಿಸಿ ಬಂದರು.

ನಾನು ಶನಿವಾರವೇ ಮಗಳೊಡನೆ ಕಮಲಾಪುರಕ್ಕೆ ಹೋದೆ. ರವಿವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿದಳು. ಅವಳ ರೊಟ್ಟಿ ಹೂವಿನಂತೆ ಉಬ್ಬುವುದು ಊರಿಗೆಲ್ಲ ಗೊತ್ತು. ಅಂದು ನಡುವೆ ಕಪ್ಪಾಗಿ, ಅಂಚು ಹಸಿಯಾಗಿ ಬಂದವು. ನೋಡಿದರೆ ಒಲೆಯ ಮೇಲೆ ಸಂತೆಯಲ್ಲಿ ಸಿಗುವ ತೆಳ್ಳನೆಯ ಹೊಸ ತವೆ. ಕಬ್ಬಿಣದ ಹಂಚು ಎಲ್ಲಿ ಎಂದು ಕೇಳಿದೆ. ಅದು ಅಜ್ಜಿಯ ಕಾಲದ್ದು, ಒಂದು ಕಿವಿ ಮುರಿದದ್ದು, ಎತ್ತಿದರೆ ಕೈಗೆ ಭಾರ. ಎಲ್ಲೋ ಇದೆ, ಸಿಗುತ್ತದೆ ಎಂದು ಅವ್ವ ಹಿಟ್ಟು ನಾದತೊಡಗಿದಳು. ಅಷ್ಟು ದೊಡ್ಡ ವಸ್ತು ಎಲ್ಲೋ ಇರುವುದು ಹೇಗೆ ಎಂದು ನನಗೆ ಆಗ ಹೊಳೆಯಲಿಲ್ಲ. ಕೂಸು ಅಳುತ್ತಿತ್ತು.

ಒಂಬತ್ತಕ್ಕೆ ಹುಮನಾಬಾದ್ ರಸ್ತೆಯ ಕಡೆಯಿಂದ ವಹಾಬ್ ಭಾಯಿಯ ಆಟೋ ಬಂತು.

ಆಪಾ ಇಳಿದವರೇ ಬಳೆ ತೆಗೆದು ಗಂಡನ ಜೇಬಿಗೆ ಹಾಕಿದರು. ತಲೆಗೂದಲಿನ ಪಿನ್ನು ತೆಗೆದು ದಾರದಿಂದ ಕಟ್ಟಿಕೊಂಡರು. ಕಾಲಿಗೆ ರಬ್ಬರ್ ಚಪ್ಪಲಿ. ಉಳಿದವರು ಮೊಬೈಲು, ಕೀಲಿಕೈ, ಕಾಲುಂಗುರ ಸಮೇತ ಇಪ್ಪತ್ತು ಹೆಜ್ಜೆ ದೂರ ನಿಲ್ಲಬೇಕಾಯಿತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಅವರು ಅಂದು ಹಾಕಿಕೊಳ್ಳಲಿಲ್ಲ. ಇಬ್ಬರ ನಡುವಿನ ಕೆಲಸಕ್ಕೆ ಹೋದಾಗ ಯಂತ್ರದ ಸದ್ದು ಎಲ್ಲರಿಗೂ ಕೇಳುವಂತೆ ಬಿಡುತ್ತಾರೆ.

ಮೊದಲ ಒಂದು ತಾಸು ಯಂತ್ರ ಬಾಯಿ ಮುಚ್ಚಲಿಲ್ಲ. ಕಲಬುರಗಿಯದು ಎರೆ ಮಣ್ಣು, ಅದು ಯಂತ್ರದ ತಂಟೆಗೆ ಬರುವುದಿಲ್ಲ. ಕಮಲಾಪುರದ ಕೆಂಪು ಮಣ್ಣಿನಲ್ಲಿ, ಮುರುಮಿನ ಗರಸಿನಲ್ಲಿ ಕಬ್ಬಿಣದ ಅಂಶವೇ ಬೆರೆತಿದೆ. ಚೌಕಟ್ಟು ಎಲ್ಲಿ ಹಿಡಿದರೂ ಕುಯ್ಯೆನ್ನುತ್ತಿತ್ತು. ಆಪಾ ಒಂದೇ ಜಾಗದಲ್ಲಿ ನಿಂತು ಚೌಕಟ್ಟನ್ನು ಎತ್ತುವುದು, ಇಳಿಸುವುದು, ಪೆಟ್ಟಿಗೆಯ ಗುಂಡಿ ಕೂದಲೆಳೆಯಷ್ಟು ತಿರುವುವುದು, ಮತ್ತೆ ಎತ್ತುವುದು ಮಾಡುತ್ತಲೇ ಇದ್ದರು. ಬಿಸಿಲೇರಿತು. ಬದುವಿನ ಮೇಲೆ ಕುಳಿತಿದ್ದ ಕಲ್ಯಾಣಪ್ಪ ಕಾಕಾನಿಗೆ ಸುಮ್ಮನಿರಲಾಗಲಿಲ್ಲ.

“ವಹಾಬ್ ಭಾಯಿ, ಬರೇ ಮಣ್ಣಿಗೇ ಹಿಂಗ ಅಳಾಕತ್ತದಲ್ಲ ನಿಮ್ಮ ಯಂತ್ರ, ಇನ್ನ ಕಬ್ಬಿಣ ಸಿಕ್ಕರ ಎದಿ ಎದಿ ಬಡ್ಕೊಂತದೇನು?”

ವಹಾಬ್ ಭಾಯಿ ನಕ್ಕರು. ಆಪಾ ಗುಂಡಿಯಿಂದ ಕಣ್ಣು ಕೀಳದೆ ಹೇಳಿದರು.

“ಹೊಸ ಸೊಸಿ ಇದ್ದಂಗ್ರಿ ಕಾಕಾ. ಊರು ರೂಢಿ ಆಗೋತನಕ ಅಳ್ತದ, ಆಮ್ಯಾಲ ನಿಮ್ಮ ಮನಿ ಗುಟ್ಟೆಲ್ಲಾ ಹೊರಗ ಹಾಕ್ತದ.”

ಜಗದೇವಪ್ಪನವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಕೊನೆಗೆ ಯಂತ್ರ ಸುಮ್ಮನಾಯಿತು. ಬಾವಿಯ ತೆಂಕಣದಿಂದ ಶುರುಮಾಡಿ ಗಂಡ ಹೆಂಡತಿ ಚೌಕಟ್ಟು ಹಿಡಿದು ನಡೆದರು. ಹಳ್ಳದವರೆಗೆ ಹೋಗಿ, ಒಂದು ಹೆಜ್ಜೆ ಬಡಗಣಕ್ಕೆ ಸರಿದು, ತಿರುಗಿ ಬರುವುದು. ಹೊಲ ಹೊಲಿದ ಹಾಗಿತ್ತು. ಕಬ್ಬಿಣದ ಅಂಶವಿರುವ ಸಣ್ಣಪುಟ್ಟ ಕಲ್ಲಿಗೆ ಯಂತ್ರ ಚುರ್ರೆಂದರೆ ಆಪಾ ಚೌಕಟ್ಟನ್ನು ಮೊಣಕಾಲಿಗೆ ಎತ್ತಿಸುವರು, ಸದ್ದು ಸತ್ತುಹೋಗುವುದು, ಮುಂದೆ ನಡೆಯುವರು. ಬಾವಿಯ ಮಗ್ಗುಲು ದಾಟಿತು. ಕಾಕಾ ಹೇಳುತ್ತಿದ್ದ ಗೆರೆ ಬಾವಿಯ ತೆಂಕಣಕ್ಕೆ, ಅದು ಆಗಲೇ ಹಿಂದುಳಿದಿತ್ತು. ಅಲ್ಲಿ ಏನೂ ಸಿಕ್ಕಿರಲಿಲ್ಲ. ನಾನು ಬೇವಿನ ಗಿಡದ ಕೆಳಗೆ ಮಗಳಿಗೆ ಹಾಲು ಕುಡಿಸುತ್ತ ಹೆಜ್ಜೆ ಎಣಿಸುತ್ತಿದ್ದೆ. ಅವ್ವ ನನ್ನ ಪಕ್ಕ ಕೂತಿರಲಿಲ್ಲ, ನಿಂತಿದ್ದಳು.

ಬಾವಿಯಿಂದ ಐದು ಹೆಜ್ಜೆ ಬಡಗಣದಲ್ಲಿ ಯಂತ್ರ ಸ್ಪಷ್ಟವಾಗಿ ಕೂಗಿತು. ಅವ್ವ ಜಗದೇವಪ್ಪನವರಿಗೆ ತೋರಿಸಿದ್ದ ಜಾಗ ಅದೇ ಎಂದು ಅವರ ಮುಖ ನೋಡಿಯೇ ತಿಳಿಯಿತು. ಅವ್ವ ಕಣ್ಣು ಮುಚ್ಚಿ ತೆರೆದಳು.

ಆಪಾ ಮಾತ್ರ ಅಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. ಚೌಕಟ್ಟು ಎತ್ತಿಸಿದರು. ಸೊಂಟದ ಮಟ್ಟಕ್ಕೆ ಬರುವ ಮೊದಲೇ ಸದ್ದು ಸತ್ತಿತು. ಅತ್ತ ಇತ್ತ ಸರಿಸಿದರು. ಆಮೇಲೆ ಚೌಕಟ್ಟನ್ನು ಕೆಳಗಿಟ್ಟು, ಅಂಗೈಯಿಂದ ಮಣ್ಣು ಒತ್ತಿ ನೋಡಿದರು. ನನಗೆ ತೆಳ್ಳನೆಯ ತವೆ ನೆನಪಾಯಿತು. ಕಪ್ಪಾದ ರೊಟ್ಟಿ ನೆನಪಾಯಿತು. ಅವ್ವನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಆಪಾ ನೀರು ಕುಡಿಯಲು ಬೇವಿನ ಗಿಡದ ಕೆಳಗೆ ಬಂದರು. ಕೂಸನ್ನು ಹೆಗಲಿಗೆ ಹಾಕಿಕೊಂಡು ನಾನು ಅವರ ಪಕ್ಕ ಸರಿದೆ.

“ಆಪಾ, ಅದನ್ನ ಬಿಟ್ಟು ಮುಂದ ಹೋಗ್ರಿ. ಕಲ್ಲು ಅಂತ ಅನ್ರಿ.”

ಅವರು ಚೊಂಬು ಕೆಳಗಿಟ್ಟು ನನ್ನನ್ನು ನೋಡಿದರು. ಕೇಳಬೇಕಾದ್ದು ಏನೂ ಉಳಿಯಲಿಲ್ಲ ಎನಿಸುತ್ತದೆ, ಯಾಕೆಂದು ಕೇಳಲಿಲ್ಲ.

“ಅಂಜನಾ, ಇದನ್ನ ಕಲ್ಲು ಅಂದೆ ಅಂದರ ಮುಂದ ನಾ ಗಾಲಿ ಅಂದದ್ದೂ ಕಲ್ಲೇ ಆಗ್ತದವ್ವ. ನಿಮ್ಮವ್ವನ ಬಾವಿಗೇ ನಾ ಮಣ್ಣು ಹಾಕಿದಂಗ.”

ಕೂಸಿನ ತಲೆ ಸವರಿ ತಿರುಗಿ ಹೋದರು. ಜಗದೇವಪ್ಪನವರನ್ನು ಕರೆದು, ಎಲ್ಲರಿಗೂ ಕೇಳುವಂತೆ, ಆದರೆ ಯಾರ ಮುಖವನ್ನೂ ನೋಡದೆ ಹೇಳಿದರು. ಇಲ್ಲಿ ಲೋಹ ಇದೆ. ಒಂದು ಮೊಳ ಆಳ, ಎರಡು ಗೇಣು ಅಗಲ. ಬಂಡಿಯ ಗಾಲಿ ಇಷ್ಟು ಸಣ್ಣದಿರುವುದಿಲ್ಲ, ಮೇಲಿನ ಮಣ್ಣೂ ಸಡಿಲಿದೆ.

ಕಾಕಾ ಸಲಿಕೆ ತಾನೇ ತಂದ. ನಾಲ್ಕು ಸಲಿಕೆ ಮಣ್ಣಿಗೆ ಠಣ್ಣೆಂದಿತು. ಕೈಯಿಂದ ಮಣ್ಣು ಬಳಿದು ಎತ್ತಿದ. ಒಂದು ಕಿವಿ ಮುರಿದ ಹಂಚು. ತುಕ್ಕು ಕೂಡ ಹಿಡಿದಿರಲಿಲ್ಲ, ತಳದ ಮಸಿ ಅವನ ಬೆರಳಿಗೆ ಹತ್ತಿತು.

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಹಂಚನ್ನು ತಿರುಗಿಸಿ ಮುರಿದ ಕಿವಿಯ ಮೇಲೆ ಹೆಬ್ಬೆರಳು ಆಡಿಸಿದ. ಅಣ್ಣನ ಹೆಂಡತಿಯನ್ನು ಅವನು ವೈನಿ ಎನ್ನುತ್ತಾನೆ.

“ವೈನಿ, ಇದರ ಕಿವಿ ಮುರದಂವ ನಾನು. ಸಣ್ಣಾಂವ ಇದ್ದಾಗ. ನಮ್ಮವ್ವ ಇದರಾಗೇ ನನಗ ರೊಟ್ಟಿ ಹಾಕ್ಯಾಳ. ಇದನ್ನ ತಂದು ಹುಗದ್ರಿ?”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತೆಗೆದು ಮಾತಾಡಿದಳು.

“ನಾನೇ ಹುಗದೀನಿ. ಗೆರಿ ಇಲ್ಲೇ ಇತ್ತು ಕಲ್ಯಾಣಪ್ಪ, ನನ್ನ ಕಣ್ಣಾಗ ಅದ. ಕಲ್ಲಿಲ್ಲ, ನಿಮ್ಮಣ್ಣ ಇಲ್ಲ. ಅದು ಕೂಗಲಿಲ್ಲ ಅಂದರ ನಾ ಏನು ತೋರಿಸಲಿ?”

ಮಾತು ಅಲ್ಲಿಗೆ ಮುಗಿಯಿತು, ಇನ್ನು ಬೇಲಿ ತಾನು ಹೇಳಿದಲ್ಲೇ ಎಂದು ಕಾಕಾ ಜಗದೇವಪ್ಪನವರಿಗೆ ಹೇಳಿದ. ಅವರೂ ತಲೆ ತಗ್ಗಿಸಿದರು. ವಹಾಬ್ ಭಾಯಿ ಚೌಕಟ್ಟಿನ ತಿರುಪು ಬಿಚ್ಚಲು ಬಗ್ಗಿದರು. ಆಪಾ ಬೇಡವೆಂದು ಕೈ ಮಾಡಿದರು.

“ಕಾಕಾ, ವಿಭೂತಿ ಮುಟ್ಟಿ ಹೇಳಿದ್ದು ಗಾಲಿ ಸಿಕ್ಕಲ್ಲಿ ಗೆರಿ ಅಂತ. ಹಂಚು ಸಿಕ್ಕಲ್ಲಿ ಗೆರಿ ಇಲ್ಲ ಅಂತ ಅಲ್ಲ. ನನ್ನ ಕೆಲಸ ಇನ್ನೂ ಮುಗದಿಲ್ಲ.”

“ಸಿಗಲಿಲ್ಲ ಅಂದರ?”

“ಸಿಗಲಿಲ್ಲ ಅಂತ ಬರದು ಸಹಿ ಮಾಡಿ ಕೊಡ್ತೀನಿ. ನೀವು ಹಾಕ್ರಿ ಬೇಲಿ.”

ಕಾಕಾ ಹಂಚನ್ನು ಬದುವಿನ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತ. ಹುಡುಕಿ ಎನ್ನುವಂತೆ ಗದ್ದ ಎತ್ತಿದ.

ಮತ್ತೆ ಹೊಲಿಗೆ ಶುರುವಾಯಿತು. ಒಂದು ಹೆಜ್ಜೆ ಬಡಗಣಕ್ಕೆ, ಇನ್ನೊಂದು. ಮೂರನೆಯದಕ್ಕೆ ಕಾಕಾನ ಬಾಳೆಯ ಸಾಲು ಅಡ್ಡ ಬಂತು. ಎಲೆಗಳ ನಡುವೆ ಚೌಕಟ್ಟು ತೂರುವುದಿಲ್ಲ. ವಹಾಬ್ ಭಾಯಿ ಎಲೆ ಕತ್ತರಿಸಲು ಹೋದಾಗ ಕಾಕಾ ಎದ್ದು ಬಂದು, ಕತ್ತರಿಸಬೇಡಿ ಎಂದು ಎಲೆಗಳನ್ನೆಲ್ಲ ಬಾಳೆ ನಾರಿನಿಂದ ಮೇಲಕ್ಕೆತ್ತಿ ಕಟ್ಟಿಕೊಟ್ಟ. ನಾಲ್ಕನೆಯ ಹೆಜ್ಜೆಯಲ್ಲಿ ಯಂತ್ರ ಮೆಲ್ಲಗೆ ಗುಂಯ್ ಎನ್ನತೊಡಗಿತು. ಹಂಚಿಗೆ ಕೂಗಿದಂತೆ ಚುರುಕಾಗಿ ಅಲ್ಲ, ದೂರದ ಗಿರಣಿಯ ಸದ್ದಿನ ಹಾಗೆ. ಆಪಾ ಎತ್ತಿಸಿದರು. ಮೊಣಕಾಲು, ಸೊಂಟ, ಎದೆ. ಸದ್ದು ತೆಳುವಾಯಿತು, ಸಾಯಲಿಲ್ಲ.

ಆಪಾ ದೊಡ್ಡ ಚೌಕಟ್ಟು ಇಟ್ಟು, ಆಟೋದಿಂದ ಇನ್ನೊಂದು ಸಣ್ಣದನ್ನು ತಂದು ಜೋಡಿಸಿ, ಅವ್ವನ ಬಳಿ ಸುಣ್ಣದ ಪುಡಿ ಕೇಳಿದರು. ಸದ್ದು ಏರಿದಲ್ಲೆಲ್ಲ ಒಂದೊಂದು ಚಿಟಿಕೆ ಸುಣ್ಣ ಹಾಕುತ್ತ ಹೋದರು. ಬಾಳೆಯ ಆ ಕಡೆ ಒಂದು, ಈ ಕಡೆ ಒಂದು, ಮತ್ತೆ ಸ್ವಲ್ಪ ಸರಿದು ಒಂದು. ಹತ್ತು ಹನ್ನೆರಡು ಚಿಟಿಕೆ ಬಿದ್ದ ಮೇಲೆ ಎಲ್ಲರಿಗೂ ಕಾಣಿಸಿತು. ಕೆಂಪು ಮಣ್ಣಿನ ಮೇಲೆ ಒಂದು ಬಂಡಿಯ ಗಾಲಿ ಬಿಳಿಯಾಗಿ ಮಲಗಿತ್ತು. ಅಗೆಯುವ ಮುಂಚೆಯೇ ಜಗದೇವಪ್ಪನವರು ಟೊಪ್ಪಿಗೆ ತೆಗೆದರು.

ಕಾಕಾ ತಾನೇ ಅಗೆದ. ಒಂದು ಬಾಳೆ ಗಿಡ ಕೀಳಬೇಕಾಯಿತು, ಕಿತ್ತ. ಎರಡು ಮೊಳ ಹೋದ ಮೇಲೆ ಇದ್ದಿಲು ಬಂತು, ಅದರ ಕೆಳಗೆ ಅರ್ಧ ಮೊಳದಲ್ಲಿ ಪಟ್ಟಿಯ ಅಂಚು. ತುಕ್ಕು ಪದರ ಪದರವಾಗಿ ಏಳುತ್ತಿತ್ತು, ಆದರೂ ಬಳೆ ಒಡೆದಿರಲಿಲ್ಲ. ಅವನು ಅದನ್ನು ಮೇಲೆತ್ತಲಿಲ್ಲ. ಗುಂಡಿಯೊಳಗೆ ನಿಂತೇ ಸ್ವಲ್ಪ ಹೊತ್ತು ನೋಡಿ, ಹತ್ತಿ ಬಂದ.

ಅವ್ವನ ಜಾಗಕ್ಕಿಂತ ನಾಲ್ಕು ಹೆಜ್ಜೆ ಆಚೆ. ಬಾವಿ ಪೂರ್ತಿ ಅವಳದು. ಕಾಕಾನ ಬಾಳೆಯ ಒಂದು ಸಾಲೂ ಅವಳ ನೆಲದಲ್ಲಿ. ಅವಳು ಸುಳ್ಳು ಹೂಳಿದ್ದು ತನ್ನದೇ ಹೊಲದ ಒಳಗೆ, ಅದೂ ತನಗೇ ನಷ್ಟವಾಗುವಂತೆ. ಅವಳಿಗೆ ಇದು ತಿಳಿಯುವುದಕ್ಕೆ ನಮಗಿಂತ ಹೆಚ್ಚು ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಂದೆ ಬಂದಳು.

“ನಾಲ್ಕು ಹೆಜ್ಜಿ ನನಗ ಬ್ಯಾಡ. ಹಂಚು ಇದ್ದಲ್ಲೇ ಕಲ್ಲು ನಿಲ್ಲಿಸಪ್ಪ. ನನಗ ಬಾವಿ ಒಂದು ಸಾಕು.”

“ಏ, ಆಗಂಗಿಲ್ಲ ವೈನಿ. ಅಪ್ಪ ಬಂಡಿ ಮುರದು ಹಾಕಿದ ಗೆರಿನ ಹಂಚಿನ ಮ್ಯಾಲ ತಂದು ಇಡಾಕ ನಾ ಯಾರು? ಕಲ್ಲು ಇಲ್ಲೇ ನಿಂದರ್ತದ.”

ಅವಳು ಬೇಡವೆಂದಳು, ಅವನು ಒಪ್ಪಲಿಲ್ಲ. ಎರಡು ತಾಸಿನ ಹಿಂದೆ ನೆಲ ತನ್ನದು ತನ್ನದು ಎಂದವರು ನಿನ್ನದು ನಿನ್ನದು ಎಂದು ಅಷ್ಟೇ ಜೋರಾಗಿ ಜಗಳಾಡಿದರು. ಕೊನೆಗೆ ಜಗದೇವಪ್ಪನವರು ಬೇಲಿಗೆಂದು ತಂದಿದ್ದ ಕಂಬಗಳಲ್ಲಿ ಒಂದನ್ನು ಉರುಳಿಸಿಕೊಂಡು ಬಂದು ಗಾಲಿಯ ನಡುವೆ ನಿಲ್ಲಿಸಿ, ಮಣ್ಣು ಎಳೆಯಿರಿ, ಊಟದ ಹೊತ್ತಾಯಿತು ಎಂದರು. ಆ ಸಾಲಿನ ಬಾಳೆ ಈ ಸಲ ಗೊನೆ ಬಿಡುವವರೆಗೆ ಕಾಕಾನದೇ ಎಂದು ಅವ್ವ ಹೇಳಿದಳು. ಅದಕ್ಕೆ ಅವನು ಬೇಡವೆನ್ನಲಿಲ್ಲ. ಹಚ್ಚಿದವನು ತಾನು, ಒಯ್ಯುತ್ತೇನೆ ಎಂದ.

ಹೊರಡುವಾಗ ಬದುವಿನ ಮೇಲಿದ್ದ ಹಂಚನ್ನು ಬಗಲಲ್ಲಿ ಹಿಡಿದ.

“ಬಾವಿ ನಿಮ್ಮದು ವೈನಿ. ಇದು ನಂದು.”

ಹೊಲದ ಬಗ್ಗೆ ಅತ್ತ ಅವ್ವ ಹಂಚಿನ ಬಗ್ಗೆ ಅಳಲಿಲ್ಲ. ಮನೆಗೆ ಹೋಗಿ ಆಪಾ ಮತ್ತು ವಹಾಬ್ ಭಾಯಿಗೆ ತೆಳ್ಳನೆಯ ತವೆಯ ರೊಟ್ಟಿಯನ್ನೇ ಬಡಿಸಿದಳು. ಸುಟ್ಟಿದ್ದನ್ನೆಲ್ಲ ಹೆಕ್ಕಿ ತನ್ನ ತಟ್ಟೆಗೆ ಹಾಕಿಕೊಂಡಳು. ಆಪಾ ಎರಡು ರೊಟ್ಟಿ ಹೆಚ್ಚೇ ತಿಂದರು.

ಸಂಜೆ ನಾನೂ ಅವರ ಆಟೋದಲ್ಲೇ ಕಲಬುರಗಿಗೆ ಹೊರಟೆ. ಕೂಸು ಆಪಾ ಅವರ ತೊಡೆಯ ಮೇಲೆ ಮಲಗಿತ್ತು. ಬೆಳಿಗ್ಗೆ ಹಾಗೆ ಕೇಳಬಾರದಿತ್ತು ಎಂದೆ. ತಾಯಿಯ ಮಾನಕ್ಕೆ ಮಗಳು ಕೇಳದೆ ಇನ್ನಾರು ಕೇಳುತ್ತಾರೆ ಎಂದು ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಹಂಚು ಎಂದು ಆಗಲೇ ಗೊತ್ತಾಗಿತ್ತೇ ಎಂದು ಕೇಳಿದೆ. ಗೊತ್ತಾಗಿತ್ತು ಎಂದರು. ಅವರ ಮನೆಯ ಹಂಚೂ ಅಷ್ಟೇ ಅಗಲ. ಹೊಸ ಯಂತ್ರ ಕಟ್ಟಿದಾಗಲೆಲ್ಲ ಅದನ್ನೇ ಅಂಗಡಿಯ ಹಿಂದೆ ಹೂತಿಟ್ಟು ಕೂಗಿಸಿ ನೋಡುವುದಂತೆ.

“ಅವತ್ತು ನಮ್ಮನಿಯಾಗೂ ರೊಟ್ಟಿ ಇಲ್ಲ,” ಎಂದು ವಹಾಬ್ ಭಾಯಿ ಮುಂದಿನಿಂದ ಹೇಳಿದರು.

ಆಪಾ ನೋಟ್‌ಬುಕ್ಕು ತೆಗೆದು ಅಲುಗುವ ಆಟೋದಲ್ಲೇ ಬರೆದರು. ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ‘ಕಮಲಾಪುರ, ಹಳ್ಳದ ಹತ್ತಿರ. ಕಬ್ಬಿಣ, ಒಂದು ಮೊಳ, ಹೊಸದಾಗಿ ಇಟ್ಟದ್ದು. ಕಬ್ಬಿಣ, ಎರಡೂವರೆ ಮೊಳ, ಹಳೆಯದು, ಬಳೆ ಇಡಿಯಾಗಿದೆ. ಕೆಂಪು ಮಣ್ಣು, ಒಂದು ತಾಸು ತಗೊಂಡಿತು.’ ಯಾರ ಹೆಸರನ್ನೂ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಒಣಗಿಸಲು ಮಾಳಿಗೆ ಹತ್ತಿದಾಗ ಕೆಳಗೆ ಚೌಕಟ್ಟನ್ನು ಮತ್ತೆ ಆಟೋಗೆ ಕಟ್ಟುತ್ತಿದ್ದರು. ಬ್ರಹ್ಮಪುರದಲ್ಲಿ ಎರಡು ದಿನದಿಂದ ಒಂದು ಓಣಿಗೆ ನೀರಿಲ್ಲವಂತೆ, ವಾಲ್ವಿನ ಮುಚ್ಚಳ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.